ಲ್ಯಾಬಿನ ಮೇಜಿನಿಂದ ವಿದ್ಯಾರ್ಥಿಯ ಬ್ಯಾಗಿಗೆ: ಎಂಜಿನಿಯರಿಂಗ್ ಕಿಟ್‌ಗಳು ಬೆಳೆದ ಬಗೆ

ತುಮಕೂರಿನಲ್ಲಿ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯ ಆರಂಭವಾದದ್ದು 1963ರಲ್ಲಿ. ಶ್ರೀ ಸಿದ್ಧಾರ್ಥ ತಾಂತ್ರಿಕ ಕಾಲೇಜು ಬಂದದ್ದು 1979ರಲ್ಲಿ, ಗುಬ್ಬಿಯ ಚನ್ನಬಸವೇಶ್ವರ ತಾಂತ್ರಿಕ ವಿದ್ಯಾಲಯ 2001ರಲ್ಲಿ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೈಯಾರೆ ಮಾಡಿ ಕಲಿಯುವ ಸಲಕರಣೆಗಳ ಚರಿತ್ರೆಯನ್ನೂ ಹೆಚ್ಚುಕಡಿಮೆ ಈ ಮೂರು ಇಸವಿಗಳ ಸುತ್ತಲೇ ಹೇಳಬಹುದು.

ಮೊದಲ ಘಟ್ಟದಲ್ಲಿ ಸಲಕರಣೆಯೆಂದರೆ ಲ್ಯಾಬಿನ ಆಸ್ತಿ. ಮೀಟರು, ರಿಯೋಸ್ಟಾಟ್, ಸಿಆರ್‌ಒ ಎಲ್ಲಕ್ಕೂ ಸ್ಟಾಕ್ ರಿಜಿಸ್ಟರಿನಲ್ಲಿ ನಂಬರು. ಬ್ಯಾಚಿನಲ್ಲಿ ಒಬ್ಬ ವೈರು ಜೋಡಿಸಿದರೆ ಉಳಿದವರು ರೀಡಿಂಗ್ ಬರೆದುಕೊಳ್ಳುವುದೇ ರೂಢಿ. ಅಮೆರಿಕದ ಹೀತ್‌ಕಿಟ್ ಕಂಪನಿ ಬಿಡಿಭಾಗಗಳನ್ನು ಕೊಟ್ಟು, ಮನೆಯಲ್ಲೇ ಆಸಿಲೋಸ್ಕೋಪ್ ಕಟ್ಟಿಕೊಳ್ಳಿ ಎಂದು 1947ರಲ್ಲೇ ಹೇಳಿತ್ತು. ನಮ್ಮ ಕಾಲೇಜುಗಳಿಗೆ ಆ ಗಾಳಿ ಬೀಸಲು ದಶಕಗಳೇ ಬೇಕಾದವು.

ಇಂಟೆಲ್ 8085 ಮೈಕ್ರೋಪ್ರೊಸೆಸರ್ 1976ರಲ್ಲಿ ಬಂದ ಮೇಲೆ ಅದರ ಟ್ರೈನರ್ ಕಿಟ್ ಎಲೆಕ್ಟ್ರಾನಿಕ್ಸ್ ಲ್ಯಾಬುಗಳಲ್ಲಿ ನೆಲೆಯೂರಿತು. ಒಂದು ಪುಟ್ಟ ಕೀಪ್ಯಾಡು, ಆರು ಅಂಕಿಯ ಡಿಸ್‌ಪ್ಲೇ: ನಾಲ್ಕು ಮೆಮೊರಿ ವಿಳಾಸಕ್ಕೆ, ಎರಡು ಅಲ್ಲಿರುವ ಬೆಲೆಗೆ. ‘3ಇ’ ಎಂಬ ಆದೇಶ, ‘05’ ಎಂಬ ಬೆಲೆ ಒತ್ತಿ ಓಡಿಸಿದರೆ ಪ್ರೊಸೆಸರಿನ ಅಕ್ಯುಮುಲೇಟರಿಗೆ 5 ಬರುತ್ತದೆ. ಕರೆಂಟು ಹೋದರೆ ರ‍್ಯಾಮ್‌ನಲ್ಲಿದ್ದ ಪ್ರೋಗ್ರಾಮೆಲ್ಲ ಅಳಿಸಿಹೋಗಿ ಮತ್ತೆ ಮೊದಲಿನಿಂದ ಒತ್ತಬೇಕು. ಆದರೂ ಯಾವ ಬೈಟ್ ಎಲ್ಲಿ ಕೂರುತ್ತದೆ ಎಂಬುದನ್ನು ಆ ಕಿಟ್ ಚೆನ್ನಾಗಿ ಮನದಟ್ಟು ಮಾಡಿಸಿತು. ಕೊರತೆ ಬೇರೆ ಕಡೆ ಇತ್ತು. ಬೋರ್ಡಿನ ಮೇಲೆ ಎಲ್ಲವೂ ಮೊದಲೇ ಬೆಸುಗೆಯಾಗಿದ್ದರಿಂದ ವಿದ್ಯಾರ್ಥಿಗೆ ತಪ್ಪಾಗಿ ಜೋಡಿಸುವ ಅವಕಾಶವೇ ಇರಲಿಲ್ಲ. ದೋಷ ಹುಡುಕುವ ಅಭ್ಯಾಸವೂ ಬೆಳೆಯಲಿಲ್ಲ.

ಇಟಲಿಯ ಇವ್ರಿಯಾದಲ್ಲಿ 2005ರಲ್ಲಿ ಹುಟ್ಟಿದ ಆರ್ಡುಯಿನೊ ಎಂಬ ಪುಟ್ಟ ಬೋರ್ಡು ಈ ಸ್ಥಿತಿಯನ್ನು ಬದಲಿಸಿತು. ಅದರ ವಿನ್ಯಾಸ ಎಲ್ಲರಿಗೂ ಮುಕ್ತವಾಗಿದ್ದರಿಂದ ಅಗ್ಗದ ಪ್ರತಿಗಳು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಿಗೂ ಬಂದವು. 2012ರಲ್ಲಿ ರಾಸ್ಪ್‌ಬೆರಿ ಪೈ ಬಂತು. ಬ್ರೆಡ್‌ಬೋರ್ಡು, ನಾಲ್ಕಾರು ಸೆನ್ಸರು, ಜಂಪರ್ ವೈರುಗಳ ಜೊತೆ ಲ್ಯಾಬೇ ಬ್ಯಾಗಿಗೆ ಇಳಿಯಿತು. ಕುಣಿಗಲ್ ಕಡೆಯಿಂದ ದಿನವೂ ಬಸ್ಸಿನಲ್ಲಿ ಕಾಲೇಜಿಗೆ ಓಡಾಡುವ ಹುಡುಗಿಗೆ ಇದು ಸಣ್ಣ ಅನುಕೂಲವಲ್ಲ. ಲ್ಯಾಬಿಗೆ ಬೀಗ ಬಿದ್ದ ಮೇಲೂ ಅವಳ ಕಲಿಕೆ ಮುಂದುವರಿಯುತ್ತದೆ. 2020ರಲ್ಲಿ ಕೋವಿಡ್‌ನಿಂದ ಕಾಲೇಜುಗಳು ಮುಚ್ಚಿದಾಗ ವರ್ಚುಯಲ್ ಲ್ಯಾಬುಗಳು ಕೈಹಿಡಿದವು. ಆದರೆ ಪರದೆಯ ಮೇಲೆ ವೈರು ಸಡಿಲವಾಗುವುದಿಲ್ಲ, ರೆಸಿಸ್ಟರು ಸುಟ್ಟು ವಾಸನೆ ಬರುವುದಿಲ್ಲ.

ಹಾಗಾದರೆ ಮುಂದಿನ ಕಿಟ್ ಹೇಗಿರಬೇಕು? ಎಲ್‌ಇಡಿ ಮಿನುಗಿಸುವುದಕ್ಕೇ ಮುಗಿದುಹೋಗುವ ಕಿಟ್‌ಗಳು ಇನ್ನು ಸಾಕು. ನಮ್ಮ ಸುತ್ತ ತೆಂಗು, ಅಡಿಕೆ ತೋಟಗಳಿವೆ, ಬೋರ್‌ವೆಲ್‌ಗಳಿವೆ. ಮಣ್ಣಿನ ತೇವ ಅಳೆಯುವ ಅಗ್ಗದ ಸೆನ್ಸರನ್ನೇ ನೋಡಿ. ಆರ್ಡುಯಿನೊ ಅದರ ವೋಲ್ಟೇಜನ್ನು 0ಯಿಂದ 1023ರೊಳಗಿನ ಅಂಕಿಯಾಗಿ ಕೊಡುತ್ತದೆ. ಆ ಅಂಕಿಗೆ ಅರ್ಥ ಬರಬೇಕಾದರೆ ಗುಬ್ಬಿಯ ಕೆಂಪು ಮಣ್ಣನ್ನು ಒಮ್ಮೆ ಒಣಗಿಸಿ, ಒಮ್ಮೆ ನೆನೆಸಿ ಅಳೆಯಬೇಕು. ಸದಾ ಕರೆಂಟು ಹರಿಯುತ್ತಿದ್ದರೆ ಸೆನ್ಸರಿನ ಕಡ್ಡಿಗಳು ವಿದ್ಯುದ್ವಿಭಜನೆಯಿಂದ ಸವೆಯುತ್ತವೆ. ಅಳೆಯುವ ಹೊತ್ತಿಗಷ್ಟೇ ಕರೆಂಟು ಕೊಟ್ಟರೆ ಹೆಚ್ಚು ಕಾಲ ಬಾಳುತ್ತವೆ. ರಸಾಯನಶಾಸ್ತ್ರ, ಎಲೆಕ್ಟ್ರಾನಿಕ್ಸ್, ಕೃಷಿ ಮೂರೂ ಒಂದೇ ಪ್ರಯೋಗದಲ್ಲಿ ಸಿಗುವುದು ಹೀಗೆ. ಮಣ್ಣು ಒಣಗಿದಾಗ ನೀರು ಬಿಡಲು ಬೋರ್‌ವೆಲ್ಲಿನ ತ್ರೀ ಫೇಸ್ ಪಂಪಿನ ಬದಲು 12 ವೋಲ್ಟಿನ ಪುಟ್ಟ ಪಂಪು ಇಟ್ಟರೆ ಶಾಕ್ ಹೊಡೆಯುವ ಅಪಾಯವೂ ಅಷ್ಟಾಗಿ ಇಲ್ಲ.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಅಂಥ ಕಡೆ ಬೇಕಾಗುವುದು ಕೆಟ್ಟದ್ದು ಏಕೆ ಕೆಟ್ಟಿತು ಎಂದು ಪತ್ತೆಹಚ್ಚಬಲ್ಲವರು. ಆದ್ದರಿಂದ ಕಿಟ್ ಕೊಳ್ಳುವ ಕಾಲೇಜುಗಳು ಮೂರು ಪ್ರಶ್ನೆ ಕೇಳಲಿ: ವಿದ್ಯಾರ್ಥಿ ಇದನ್ನು ಬಿಚ್ಚಬಹುದೇ? ಹಾಳಾದ ಭಾಗ ಹತ್ತಿರದ ಅಂಗಡಿಯಲ್ಲಿ ಸಿಗುತ್ತದೆಯೇ? ಕೈಪಿಡಿ ಕನ್ನಡದಲ್ಲೂ ಇದೆಯೇ? ಮೂರಕ್ಕೂ ಹೌದು ಎನ್ನುವ ಕಿಟ್‌ಗಳನ್ನು ನಮ್ಮ ಕಾಲೇಜುಗಳ ಅಧ್ಯಾಪಕರು, ವಿದ್ಯಾರ್ಥಿಗಳೇ ಸೇರಿ ರೂಪಿಸಬೇಕು. ಅದಕ್ಕೆ ಬೇಕಾದ ತಿಳಿವಳಿಕೆಯೂ ಬಿಡಿಭಾಗಗಳೂ ಇಂದು ಕೈಗೆಟುಕುವಂತಿವೆ.