ತೈಲಮಾಲಿನ್ಯ ನಿವಾರಣೆಯಲ್ಲಿ ಸೂಕ್ಷ್ಮಶೈವಲಗಳು

ನೀರಿಗೆ ಸೇರಿದ ಪೆಟ್ರೋಲಿಯಂ ತೈಲವನ್ನು ಬರಿಗಣ್ಣಿಗೆ ಕಾಣದ ಪಾಚಿಗಳ ನೆರವಿನಿಂದ ವಿಘಟಿಸುವ ಅಥವಾ ಹೀರಿ ತೆಗೆಯುವ ಜೈವಿಕ ವಿಧಾನ. ಹಸಿರು ಶೈವಲ, ಡಯಾಟಮ್ ಹಾಗೂ ವಾಡಿಕೆಯಲ್ಲಿ ನೀಲಹಸಿರು ಪಾಚಿ ಎನಿಸಿಕೊಂಡಿರುವ ಸಯನೋಬ್ಯಾಕ್ಟೀರಿಯ, ಇವೆಲ್ಲ ಇದರ ವ್ಯಾಪ್ತಿಗೆ ಬರುತ್ತವೆ. ಪಾಚಿ ತೈಲವನ್ನು ತಿಂದು ಮುಗಿಸುತ್ತದೆ ಎಂಬ ಮಾತು ಜನಪ್ರಿಯ ಬರಹಗಳಲ್ಲಿ ಕಾಣುವುದುಂಟು. ಆದರೆ ವಿಘಟನೆಯ ಹೆಚ್ಚಿನ ಕೆಲಸ ಪಾಚಿಯನ್ನು ಆಶ್ರಯಿಸಿ ಬಾಳುವ ಬ್ಯಾಕ್ಟೀರಿಯಗಳದೆಂದು ಈವರೆಗಿನ ಪುರಾವೆಗಳು ಹೇಳುತ್ತವೆ.

ಆರಂಭಿಕ ಸಂಶೋಧನೆ

ಅಮೆರಿಕದ ಚೆಸಪೀಕ್ ಕೊಲ್ಲಿಯ ತೈಲಮಲಿನ ತಾಣವೊಂದರಲ್ಲಿ ದೊರೆತ ಪ್ರೊಟೊತೀಕ ಜೋಪ್ಫಿ ಎಂಬ ಶೈವಲ ಕಚ್ಚಾ ತೈಲವನ್ನು ವಿಘಟಿಸಬಲ್ಲುದೆಂದು ವಾಕರ್, ರೀಟಾ ಕೋಲ್ವೆಲ್ ಮತ್ತು ಸಂಗಡಿಗರು 1975ರಲ್ಲಿ ವರದಿ ಮಾಡಿದರು. ಇದಕ್ಕೆ ಪತ್ರಹರಿತ್ತು ಇಲ್ಲ. ಸಾವಯವ ವಸ್ತುವನ್ನೇ ಆಹಾರವಾಗಿಸಿಕೊಂಡು ಬೆಳೆಯುತ್ತದೆ. ಇದೇ ಕುಲದ ಜೀವಿಗಳು ಹಸುಗಳಿಗೆ ಕೆಚ್ಚಲು ಬಾವು ತರುವುದರಿಂದ ಇದನ್ನು ಬೆಳೆಸಿ ಹೊರಗಿನ ನೀರಿಗೆ ಬಿಡುವುದು ಸೂಕ್ತವಲ್ಲ. 1980ರಲ್ಲಿ ಸರ್ನಿಗ್ಲಿಯ, ಗಿಬ್ಸನ್ ಮತ್ತು ವ್ಯಾನ್ ಬಾಲೆನ್ 18 ಬಗೆಯ ಶೈವಲ ಹಾಗೂ ಸಯನೋಬ್ಯಾಕ್ಟೀರಿಯಗಳನ್ನು ಪರೀಕ್ಷಿಸಿದಾಗ ಅವೆಲ್ಲವೂ ತೈಲದ ಘಟಕವಾದ ನ್ಯಾಫ್ತಲೀನನ್ನು ಉತ್ಕರ್ಷಿಸಿದವು. ಆದರೆ ಹಾಗೆ ಮಾರ್ಪಟ್ಟದ್ದು ಅತ್ಯಲ್ಪ ಭಾಗ.

ಪರ್ಷಿಯನ್ ಕೊಲ್ಲಿಯ ಪಾಚಿಹಾಸುಗಳು

ಈ ವಿಷಯದಲ್ಲಿ ಪ್ರಯೋಗಶಾಲೆಗಿಂತ ಹೆಚ್ಚು ಕಲಿಸಿದ್ದು 1991ರ ಕೊಲ್ಲಿ ಯುದ್ಧದ ಸೋರಿಕೆ. ಸಮುದ್ರಕ್ಕೆ ಹರಿದ ತೈಲದ ಅಂದಾಜುಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಹಲವು ಲೆಕ್ಕಗಳು 60 ಲಕ್ಷದಿಂದ 1 ಕೋಟಿ ಬ್ಯಾರೆಲ್‌ಗಳ ಆಸುಪಾಸಿನಲ್ಲಿವೆ. ದಕ್ಷಿಣ ಕುವೈತ್‌ನಿಂದ ಸೌದಿ ಅರೇಬಿಯದ ಅಬು ಅಲಿ ದ್ವೀಪದವರೆಗೆ 700 ಕಿ.ಮೀ.ಗೂ ಮಿಕ್ಕಿದ ಕರಾವಳಿ ಕಪ್ಪಾಯಿತು. ಕೆಲವೇ ತಿಂಗಳುಗಳಲ್ಲಿ ತೈಲ ಮೆತ್ತಿದ ಕೆಸರಿನ ಮೇಲೆ ನೀಲಹಸಿರು ಹಾಸುಗಳು ಹಬ್ಬಿದವು. ಸಯನೋಬ್ಯಾಕ್ಟೀರಿಯವಾದ ಮೈಕ್ರೊಕೋಲಿಯಸ್‌ನ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಮರಳಿನ ಕಣಗಳನ್ನು ಬಿಗಿಯಾಗಿ ಹಿಡಿದಿದ್ದವು. ಪಾಚಿಯನ್ನು ಮೇಯುತ್ತಿದ್ದ ಏಡಿ, ಬಸವನಹುಳುಗಳು ತೈಲಕ್ಕೆ ಬಲಿಯಾದುದೂ ಈ ಬೆಳವಣಿಗೆಗೆ ಒಂದು ಕಾರಣ. ಕುವೈತ್ ವಿಶ್ವವಿದ್ಯಾನಿಲಯದ ಸೊರ್ಖೊಹ್, ಅಲ್-ಹಸನ್, ರದ್ವಾನ್ ಅವರೂ ಜರ್ಮನಿಯ ಹೋಪ್ನರ್ ಅವರೂ 1992ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಕೊಲ್ಲಿ ತನ್ನನ್ನು ತಾನೇ ಶುಚಿಗೊಳಿಸಿಕೊಳ್ಳುವ ಕ್ರಿಯೆಯೆಂದು ವಿವರಿಸಿದರು. ಹಾಸಿನ ಲೋಳೆಯಲ್ಲಿ ತೈಲಭಕ್ಷಕ ಬ್ಯಾಕ್ಟೀರಿಯಗಳು ನೀರಿಗೆ ಕೊಚ್ಚಿಹೋಗದೆ ನೆಲೆನಿಂತಿದ್ದವು.

ಮುಂದಿನ ವರ್ಷಗಳ ಅವಲೋಕನ ಈ ಉತ್ಸಾಹವನ್ನು ಬಹುಮಟ್ಟಿಗೆ ತಗ್ಗಿಸಿತು. ಸೌದಿ ತೀರವನ್ನು ಅಧ್ಯಯನ ಮಾಡಿದ ಹಾನ್ಸ್-ಯೋರ್ಗ್ ಬಾರ್ಥ್, ಹಾಸುಗಳು ಕೆಲವೆಡೆ ನೆಲವನ್ನು ಮುಚ್ಚಿ ಅಡಿಯ ತೈಲಕ್ಕೆ ಗಾಳಿಯಾಡದಂತೆ ಮಾಡಿ ಶುದ್ಧೀಕರಣವನ್ನು ತಡಮಾಡಿದವೆಂದು 2003ರಲ್ಲಿ ತೋರಿಸಿದರು. ಹಗಲು ಹಾಸಿನ ಮೇಲ್ಪದರ ಆಮ್ಲಜನಕದಿಂದ ತುಂಬಿರುತ್ತದೆ; ಕೆಲವೇ ಮಿಲಿಮೀಟರ್ ಕೆಳಗೆ ಅದರ ಸುಳಿವಿರುವುದಿಲ್ಲ, ಅಲ್ಲಿ ಸಲ್ಫೈಡ್ ಕಲೆತ ಕಪ್ಪು ಕೆಸರು. ತೈಲದ ಶೀಘ್ರ ವಿಘಟನೆಗೆ ಆಮ್ಲಜನಕ ಬೇಕು. ಏಡಿಗಳು ಮರಳಿ ಬಂದು ಬಿಲ ತೋಡಿದೆಡೆ ನೆಲ ಬೇಗ ಚೇತರಿಸಿಕೊಂಡಿತು. ಪಾಚಿಯನ್ನು ಮಾತ್ರ ಎಣಿಸಿ ಏಡಿಯನ್ನು ಮರೆಯುವ ಯಾವ ಯೋಜನೆಯೂ ಅಪೂರ್ಣವೆಂಬುದು ಈ ಲೇಖಕನ ಅಭಿಪ್ರಾಯ. ಹಾಸಿನ ಬ್ಯಾಕ್ಟೀರಿಯಗಳೇ ತೈಲವನ್ನು ನೇರವಾಗಿ ವಿಘಟಿಸುತ್ತವೆಂಬುದಕ್ಕೆ ಅಬೆದ್ ಮತ್ತು ಕೋಸ್ಟರ್ 2005ರಲ್ಲಿ ಪ್ರಯೋಗದ ಆಧಾರ ಒದಗಿಸಿದರು.

ಪಾಚಿ ಮತ್ತು ಬ್ಯಾಕ್ಟೀರಿಯ

ಈ ಸಹವಾಸ ತೈಲ ಸೋರಿಕೆಗಿಂತ ಬಹಳ ಹಳೆಯದು. ಸಮುದ್ರದ ಸಯನೋಬ್ಯಾಕ್ಟೀರಿಯಗಳಾದ ಪ್ರೊಕ್ಲೊರೊಕಾಕಸ್ ಮತ್ತು ಸೈನೆಕೊಕಾಕಸ್‌ಗಳು ತೈಲದ ಮುಖ್ಯ ಘಟಕವಾದ ಹೈಡ್ರೋಕಾರ್ಬನ್ ಅನ್ನು ತಾವೇ ತಯಾರಿಸುತ್ತವೆ. 2015ರ ಒಂದು ಅಂದಾಜಿನಂತೆ ಅದರ ವಾರ್ಷಿಕ ಪ್ರಮಾಣ 30.8 ಕೋಟಿಯಿಂದ 77.1 ಕೋಟಿ ಟನ್. ಆಲ್ಕನಿವೊರಾಕ್ಸ್‌ನಂಥ ತೈಲಭಕ್ಷಕ ಬ್ಯಾಕ್ಟೀರಿಯಗಳು ಸೋರಿಕೆಯಿಲ್ಲದ ಕಡಲಲ್ಲೂ ಉಳಿದುಕೊಂಡಿರುವುದು ಬಹುಶಃ ಈ ಆಹಾರದಿಂದಲೇ.

ಕೊಳಗಳಲ್ಲಿ ಬಳಕೆ

ತೈಲಬಾವಿಯ ಹಾಗೂ ಸಂಸ್ಕರಣಾಗಾರದ ಕೊಳಚೆ ನೀರನ್ನು ಕೊಳಗಳಲ್ಲಿ ನಿಲ್ಲಿಸಿ ಪಾಚಿ ಬೆಳೆಸುವುದು ತೆರೆದ ಕಡಲಿನ ಬಳಕೆಗಿಂತ ಹೆಚ್ಚು ಕಾರ್ಯಸಾಧ್ಯ. ತೇಲುವ ತೈಲವನ್ನು ಮೊದಲೇ ತೆಗೆಯಬೇಕು. ಇಲ್ಲವಾದರೆ ಅದರ ಪೊರೆ ಬೆಳಕನ್ನು ತಡೆಯುತ್ತದೆ. ಸಾರಜನಕ, ರಂಜಕಗಳು ಸಾಲದಿದ್ದರೆ ಪಾಚಿಗೂ ಬ್ಯಾಕ್ಟೀರಿಯಕ್ಕೂ ಪೈಪೋಟಿ ಹುಟ್ಟುತ್ತದೆ. ಜೀವಕೋಶಗಳು ಕೆಲವೇ ಮೈಕ್ರೊಮೀಟರ್ ಗಾತ್ರದವಾದ್ದರಿಂದ ಬೇಗ ತಳ ಸೇರುವುದಿಲ್ಲ. ಅವನ್ನು ಸೋಸಿ ಬೇರ್ಪಡಿಸುವುದೇ ದುಬಾರಿ ಹಂತ. ತೈಲದಲ್ಲಿನ ವಿಷಕಾರಿ ಬಹುವಲಯ ಆರೊಮ್ಯಾಟಿಕ್ ಸಂಯುಕ್ತಗಳನ್ನು ಹೀರಿಕೊಂಡ ಪಾಚಿಯನ್ನು ಮೀನಿಗೂ ದನಕ್ಕೂ ಮೇವಾಗಿ ಕೊಡುವಂತಿಲ್ಲ.

ಭಾರತ

2017ರ ಜನವರಿ 28ರಂದು ಚೆನ್ನೈ ಬಳಿಯ ಎಣ್ಣೂರಿನಲ್ಲಿ ಎರಡು ಹಡಗುಗಳು ಡಿಕ್ಕಿ ಹೊಡೆದಾಗ ದಡಕ್ಕೆ ಬಂದ ಮಂದ ತೈಲವನ್ನು ಕಾರ್ಮಿಕರೂ ಸ್ವಯಂಸೇವಕರೂ ಬಕೆಟ್‌ಗಳಲ್ಲಿ ತುಂಬಿ ಎತ್ತಿದರು. ದಡಕ್ಕೆ ಬಂದ ತೈಲವನ್ನು ಮೊದಲು ಎತ್ತಿ ತೆಗೆಯುವುದಕ್ಕೆ ಪಾಚಿ ಬದಲಿಯಾಗಲಾರದು; ಅದರ ಕೆಲಸ ಏನಿದ್ದರೂ ಉಳಿಕೆಯ ಮೇಲೆ, ತಿಂಗಳುಗಟ್ಟಲೆ ಕಾಲದಲ್ಲಿ.