ಇನ್ಶೂರೆನ್ಸ್ ಇಲ್ಲದ ಗಾಡಿ ಗುದ್ದಿದರೆ ದುಡ್ಡು ಕೊಡೋದು ಯಾರು?

ಅಮೆರಿಕದಲ್ಲಿರುವ ಗೆಳೆಯನೊಬ್ಬ ತನ್ನ ಕಾರಿನ ಪಾಲಿಸಿಯಲ್ಲಿ ‘ಅನ್‌ಇನ್ಶೂರ್ಡ್ ಮೋಟರಿಸ್ಟ್’ ಅನ್ನುವ ಸಾಲು ತೋರಿಸಿದ. ವಿಮೆ ಇಲ್ಲದವನು ಬಂದು ಗುದ್ದಿದರೆ ಆಸ್ಪತ್ರೆ ಖರ್ಚನ್ನು ಇವನದೇ ಕಂಪನಿ ಕೊಡುತ್ತದೆ. ಅದಕ್ಕೆ ಒಂದಿಷ್ಟು ಹೆಚ್ಚಿನ ಪ್ರೀಮಿಯಂ, ಅಷ್ಟೆ. 1950ರ ದಶಕದಿಂದಲೇ ಅಲ್ಲಿ ಈ ಪದ್ಧತಿ ಇದೆ. "ನಮ್ಮ ಪುತ್ತೂರು-ಸುಳ್ಯ ರೋಡಲ್ಲಿ ಹೀಗಾದ್ರೆ ಏನು ಗತಿ ಮಾರಾಯಾ?" ಅಂತ ಕೇಳಿದ. ನನಗೂ ಗೊತ್ತಿರಲಿಲ್ಲ. ಹುಡುಕುತ್ತಾ ಹೋದಾಗ ಸಿಕ್ಕಿದ ಕಥೆ ಇದು.

ನಮ್ಮಲ್ಲಿ ಹೊಸ ಮೋಟಾರು ವಾಹನ ಕಾಯ್ದೆ ಬಂದದ್ದು 1939ರಲ್ಲಿ. ಅದರಲ್ಲಿದ್ದ ಕಡ್ಡಾಯ ವಿಮೆಯ ಅಧ್ಯಾಯ ಮಾತ್ರ ಜಾರಿಯಾದದ್ದು 1946ರ ಜುಲೈ 1ರಂದು. ಆಗ ನಮ್ಮೂರು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ. ಸುಳ್ಯ, ಕಡಬ ಎರಡೂ ಪುತ್ತೂರು ತಾಲೂಕಿನೊಳಗೆ. ಕಾಸರಗೋಡು ಪಕ್ಕದ ತಾಲೂಕು. ರಸ್ತೆಗೆ ಇಳಿಯುವ ಗಾಡಿಯಿಂದ ಮೂರನೆಯವರಿಗೆ ತೊಂದರೆಯಾದರೆ ಪರಿಹಾರ ಸಿಗಬೇಕು, ಅದಕ್ಕೆ ವಿಮೆ ಇರಲೇಬೇಕು ಅನ್ನುವುದು ನಿಯಮ. ಇದು ಬ್ರಿಟನ್ನಿನ 1930ರ ಕಾನೂನಿನ ಮಾದರಿ.

ಆದರೆ ಕಡ್ಡಾಯ ಅಂದ ಮಾತ್ರಕ್ಕೆ ಎಲ್ಲರೂ ವಿಮೆ ಮಾಡಿಸುತ್ತಾರೆಯೇ? ಇಲ್ಲ ಅನ್ನುವುದು ಬ್ರಿಟಿಷರಿಗೆ ಬೇಗ ಗೊತ್ತಾಯಿತು. 1946ರಲ್ಲೇ ಅಲ್ಲಿನ ವಿಮಾ ಕಂಪನಿಗಳೆಲ್ಲ ಸೇರಿ ‘ಮೋಟಾರ್ ಇನ್ಶೂರರ್ಸ್ ಬ್ಯೂರೋ’ ಕಟ್ಟಿದವು. ಗುದ್ದಿದವನಿಗೆ ವಿಮೆ ಇಲ್ಲದಿದ್ದರೆ ಪೆಟ್ಟು ತಿಂದವನಿಗೆ ಬ್ಯೂರೋ ಕೊಡುತ್ತದೆ. ಖರ್ಚನ್ನು ಎಲ್ಲಾ ಕಂಪನಿಗಳು ಹಂಚಿಕೊಳ್ಳುತ್ತವೆ. ಅಂದರೆ ಅಲ್ಲಿ ಬೀಗ ಹಾಕಿದ ವರ್ಷವೇ ಇಲ್ಲಿ ಬಾಗಿಲು ಮಾತ್ರ ಇಟ್ಟರು. ಕಾನೂನಿನ ಅರ್ಧ ಬಂತು, ಉಳಿದರ್ಧ ಹಡಗು ಹತ್ತಲೇ ಇಲ್ಲ!

ಮೊದಮೊದಲು ಪರಿಹಾರ ಬೇಕಾದರೆ ಸಿವಿಲ್ ಕೋರ್ಟಿಗೇ ಹೋಗಬೇಕಿತ್ತು. ಸಾವಾಗಿದ್ದರೆ 1855ರ ಮಾರಣಾಂತಿಕ ಅಪಘಾತ ಕಾಯ್ದೆಯಡಿ ದಾವೆ, ಮೇಲೆ ಕೋರ್ಟು ಶುಲ್ಕ. 1956ರ ತಿದ್ದುಪಡಿಯಲ್ಲಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳಿಗೆ ಅವಕಾಶವಾಯಿತು. ತಮಾಷೆ ಅಂದರೆ ಅದೇ ವರ್ಷ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯಿತು, ನಾವು ಮೈಸೂರು ರಾಜ್ಯಕ್ಕೆ ಬಂದೆವು. ಅರ್ಜಿ ಹಾಕಬೇಕಾದದ್ದು ಅಪಘಾತ ನಡೆದ ಜಾಗದ ನ್ಯಾಯಮಂಡಳಿಯಲ್ಲಿ. ಜಾಲ್ಸೂರು ದಾಟಿ ಮುಳ್ಳೇರಿಯದ ಹತ್ತಿರ ಸುಳ್ಯದವರಿಗೆ ಏನಾದರೂ ಆದರೆ ಬೇರೆ ರಾಜ್ಯದಲ್ಲಿ ಕೇಸು ನಡೆಸಬೇಕು. ಅರ್ಜಿಗೆ ಇದ್ದ ಗಡುವು 60 ದಿನ. ಕಾಲಿಗೆ ಹಾಕಿದ ಪ್ಲಾಸ್ಟರ್ ಬಿಚ್ಚುವುದರೊಳಗೆ ಅವಧಿ ಮುಗಿದಿರುತ್ತಿತ್ತು!

ಗಡುವು 1970ರಲ್ಲಿ ಆರು ತಿಂಗಳಾಯಿತು. 1994ರ ತಿದ್ದುಪಡಿ ಗಡುವನ್ನೇ ತೆಗೆದುಹಾಕಿತು. ಅಪಘಾತವಾದ ಜಾಗ, ಅರ್ಜಿದಾರರು ಇರುವ ಜಾಗ, ಎದುರು ಪಕ್ಷದವರು ಇರುವ ಜಾಗ, ಇವುಗಳಲ್ಲಿ ಎಲ್ಲಿ ಬೇಕಾದರೂ ಅರ್ಜಿ ಹಾಕಬಹುದು ಅಂತಲೂ ಆಯಿತು. ಗಡಿಯ ಊರುಗಳವರಿಗೆ ಇದು ಚಿಕ್ಕ ವಿಷಯ ಅಲ್ಲ. ಕೆಎಲ್-14 ಗಾಡಿ ಕಾಸರಗೋಡಿನಲ್ಲಿ ಗುದ್ದಿದರೂ ನಮ್ಮವರು ಪುತ್ತೂರಿನಲ್ಲೇ ಅರ್ಜಿ ಹಾಕಬಹುದು. 2019ರ ತಿದ್ದುಪಡಿಯಿಂದಾಗಿ 2022ರ ಏಪ್ರಿಲ್ 1ರಿಂದ ಆರು ತಿಂಗಳ ಗಡುವು ಮಾತ್ರ ಮತ್ತೆ ಬಂದಿದೆ, ಇದನ್ನು ನೆನಪಿಡಿ.

ಅರ್ಜಿಯ ದಾರಿ ಸುಲಭವಾಯಿತು, ಸರಿ. ಗುದ್ದಿದ ಗಾಡಿಗೆ ವಿಮೆಯೇ ಇಲ್ಲದಿದ್ದರೆ? ಡ್ರೈವರು, ಮಾಲೀಕ ಕೊಡಬೇಕು ಅಂತ ನ್ಯಾಯಮಂಡಳಿ ಆದೇಶ ಮಾಡುತ್ತದೆ. ಕೊಡದಿದ್ದರೆ ಭೂಕಂದಾಯದ ಬಾಕಿಯ ಹಾಗೆ ಜಿಲ್ಲಾಧಿಕಾರಿ ಮೂಲಕ ವಸೂಲಿ. ಆದರೆ ಹಳೇ ಸ್ಕೂಟರು, ಹತ್ತು ಸೆಂಟ್ಸ್ ಜಾಗ ಇರುವವನಿಂದ ಲಕ್ಷಗಟ್ಟಲೆ ವಸೂಲಿ ಮಾಡುವುದು ಹೇಗೆ? ಆದೇಶದ ಪ್ರತಿ ಕಪಾಟಿನಲ್ಲೇ ಉಳಿಯುತ್ತದೆ. ಲೈಸೆನ್ಸ್ ಸರಿ ಇಲ್ಲದಂಥ ಪ್ರಕರಣಗಳಲ್ಲಿ ಕಂಪನಿ ಮೊದಲು ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಅನ್ನುವ ದಾರಿಯನ್ನು ಸುಪ್ರೀಂ ಕೋರ್ಟು 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಗಟ್ಟಿ ಮಾಡಿತು. ಪಾಲಿಸಿಯೇ ಇಲ್ಲದಿದ್ದರೆ ಹಾಗೆ ಕೇಳಲು ಕಂಪನಿಯೇ ಇಲ್ಲವಲ್ಲ!

2018ರಲ್ಲಿ ಸುಪ್ರೀಂ ಕೋರ್ಟು ಎರಡು ಕೆಲಸ ಮಾಡಿತು. ಹೊಸ ಕಾರಿಗೆ 3 ವರ್ಷ, ಹೊಸ ದ್ವಿಚಕ್ರಕ್ಕೆ 5 ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಮೊದಲೇ ಮಾಡಿಸಬೇಕು ಅಂದಿತು. ಅದು ಆ ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು. ಉಷಾದೇವಿ ಪ್ರಕರಣದಲ್ಲಿ, ವಿಮೆ ಇಲ್ಲದ ಗಾಡಿ ಅಪಘಾತ ಮಾಡಿದರೆ ಮಾಲೀಕ ಭದ್ರತೆ ಕೊಡದೆ ಬಿಡಬಾರದು, ಕೊಡದಿದ್ದರೆ ಹರಾಜು ಹಾಕಿ ದುಡ್ಡನ್ನು ನ್ಯಾಯಮಂಡಳಿಗೆ ಕಟ್ಟಬೇಕು, ಇದಕ್ಕೆ ರಾಜ್ಯಗಳು ನಿಯಮ ಮಾಡಬೇಕು ಅಂದಿತು. ಒಳ್ಳೆಯದೇ. ಆದರೆ ಹದಿನೈದು ವರ್ಷದ ಸ್ಕೂಟರು ಹರಾಜಿನಲ್ಲಿ ಎಷ್ಟಕ್ಕೆ ಹೋಗುತ್ತದೆ ಅಂತ ನಿಮಗೇ ಗೊತ್ತು.

ಕಾನೂನಿನಲ್ಲಿ ಒಂದು ವಿಚಿತ್ರವೂ ಇದೆ. ಗುದ್ದಿ ಓಡಿಹೋದ, ಪತ್ತೆಯಾಗದ ಗಾಡಿಯಿಂದ ಸತ್ತರೆ ಸರ್ಕಾರದ ಯೋಜನೆಯಿಂದ ಪರಿಹಾರ ಉಂಟು. 1982ರಲ್ಲಿ ಇದು ಬಂದಾಗ ಸಾವಿಗೆ 5,000 ರೂಪಾಯಿ ಇತ್ತು, 2022ರ ಏಪ್ರಿಲ್‌ನಿಂದ 2 ಲಕ್ಷ. ತೀವ್ರ ಗಾಯಕ್ಕೆ 50,000. ಆದರೆ ಗುದ್ದಿದವನು ಪ್ರಾಮಾಣಿಕವಾಗಿ ನಿಂತು, ಹೆಸರು ಹೇಳಿ, "ಇನ್ಶೂರೆನ್ಸ್ ಇಲ್ಲ ಮಾರಾಯ್ರೆ" ಅಂದರೆ ಆ ಪರಿಹಾರ ಇಲ್ಲ! ಪೆಟ್ಟು ತಿಂದವನ ಪಾಲಿಗೆ ಓಡಿಹೋದವನೇ ವಾಸಿ. ಪ್ರೋಗ್ರಾಂ ಬರೆಯುವವರಿಗೆ ಇಂಥ ಬಗ್ ಗೊತ್ತು. ಒಂದು ಷರತ್ತು ಬರೆದು ಅದರ ಪಕ್ಕದ್ದನ್ನು ಬಿಟ್ಟಿರುತ್ತಾರೆ.

ಅಷ್ಟರಮಟ್ಟಿಗೆ ಸಮಾಧಾನದ ಸುದ್ದಿ ಅಂದರೆ, 2022ರ ನಿಯಮಗಳಲ್ಲಿ ಮೋಟಾರು ವಾಹನ ಅಪಘಾತ ನಿಧಿ ಬಂತು. 2025ರ ಮೇ ತಿಂಗಳಲ್ಲಿ ಜಾರಿಯಾದ ನಗದುರಹಿತ ಚಿಕಿತ್ಸೆ ಯೋಜನೆಯಲ್ಲಿ, ಗುದ್ದಿದ ಗಾಡಿಗೆ ವಿಮೆ ಇಲ್ಲದಿದ್ದರೂ ಏಳು ದಿನದೊಳಗೆ 1.5 ಲಕ್ಷದವರೆಗಿನ ಚಿಕಿತ್ಸೆಗೆ ಅವಕಾಶ ಇದೆ. ಬ್ರಿಟನ್ನಿನ ಬ್ಯೂರೋ ಹುಟ್ಟಿ ಸುಮಾರು ಎಂಬತ್ತು ವರ್ಷದ ಮೇಲೆ ನಾವು ಆಸ್ಪತ್ರೆ ಬಾಗಿಲವರೆಗೆ ಬಂದಿದ್ದೇವೆ. ಕೈಕಾಲು ಹೋದವನ, ದುಡಿಯುವವರನ್ನು ಕಳೆದುಕೊಂಡ ಮನೆಯ ಪರಿಹಾರ ಇನ್ನೂ ಗುದ್ದಿದವನ ಜೇಬಿನ ಮೇಲೇ ನಿಂತಿದೆ. ಆ ನಿಧಿ ಇದಕ್ಕೂ ವಿಸ್ತರಿಸಲಿ ಅನ್ನುವುದು ನನ್ನ ಆಸೆ. ನಿಯತ್ತಾಗಿ ಪ್ರೀಮಿಯಂ ಕಟ್ಟುವವರು ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟ ಇಲ್ಲ.

ಅಲ್ಲಿಯವರೆಗೆ ನಾವು ಮಾಡಬಹುದಾದದ್ದು ಇಷ್ಟು. ಅಪಘಾತವಾದರೆ "ರಾಜಿಯಲ್ಲಿ ಮುಗಿಸುವ" ಅನ್ನುವವರ ಮಾತು ಕೇಳಿ ಸುಮ್ಮನಿರದೆ ಪೊಲೀಸ್ ದೂರು ಕೊಡಿ, ಗಾಡಿಯ ನಂಬರ್ ಬರೆಯಿಸಿ. ಗಾಡಿಗೆ ವಿಮೆ ಇಲ್ಲ ಅಂತಾದರೆ ಅದನ್ನು ಭದ್ರತೆ ಇಲ್ಲದೆ ಬಿಡಬೇಡಿ ಅಂತ ವಕೀಲರ ಮೂಲಕ ಕೇಳಿ. ಆರು ತಿಂಗಳೊಳಗೆ ಅರ್ಜಿ ಹಾಕಿ. ನಮ್ಮ ಕಾರಿನ ರಿಪೇರಿಗೆ ನಮ್ಮದೇ ‘ಓನ್ ಡ್ಯಾಮೇಜ್’ ವಿಮೆ ಬೇಕು, ಬರೀ ಥರ್ಡ್ ಪಾರ್ಟಿ ಸಾಲದು.

ಹಾಗೆಯೇ, ತೋಟಕ್ಕೂ ಡೈರಿಗೂ ಮಾತ್ರ ಓಡಿಸುವ ಮನೆಯ ಹಳೇ ಸ್ಕೂಟರಿನ ಪಾಲಿಸಿ ಯಾವಾಗ ಮುಗಿಯುತ್ತದೆ (ಅಥವಾ ಯಾವಾಗಲೋ ಮುಗಿದಿದೆಯಾ) ಅಂತ ಒಮ್ಮೆ ನೋಡಿಬಿಡಿ.