ಒಂದು ರಿಸೆಪ್ಟರ್, ಎರಡು ಮುಖ: ಕ್ಯಾನ್ಸರ್ ಕೋಶ ಜಾಗ ಬಿಟ್ಟು ಹೊರಡೋದು ಹೇಗೆ?

ಇಯರ್‌ಫೋನ್ ಹಾಕ್ಕೊಳ್ಳಿ, ಇವತ್ತು 1895ರ ಗ್ಲಾಸ್ಗೋಗೆ ಹೋಗೋಣ.

ಸ್ಕಾಟ್ಲೆಂಡಿನ ಆ ಊರಲ್ಲಿ ಜಾರ್ಜ್ ಬೀಟ್ಸನ್ ಅಂತ ಒಬ್ಬ ಸರ್ಜನ್. ಅವರ ಮುಂದೆ 33 ವರ್ಷದ ಒಬ್ಬ ಹೆಣ್ಣುಮಗಳು. ಸ್ತನ ಕ್ಯಾನ್ಸರ್ ಕೈಮೀರಿತ್ತು. ಬೀಟ್ಸನ್ ಆಪರೇಷನ್ ಮಾಡಿ ತೆಗೆದಿದ್ದು ಸ್ತನದ ಗೆಡ್ಡೆಯನ್ನಲ್ಲ, ಅಂಡಾಶಯಗಳನ್ನ! ಸುಮಾರು ಎಂಟು ತಿಂಗಳಲ್ಲಿ ಗೆಡ್ಡೆ ಕಾಣದಂತಾಯ್ತು. ಕೆಲವು ವರ್ಷಗಳ ನಂತರ ಕಾಯಿಲೆ ಮರಳಿತು, ಆಕೆ ತೀರಿಕೊಂಡರು. ಆದರೆ ಅಂಡಾಶಯಕ್ಕೂ ಸ್ತನದ ಗೆಡ್ಡೆಗೂ ನಂಟಿದೆ ಅನ್ನೋದು ಗೊತ್ತಾಯ್ತು. 1896ರಲ್ಲಿ ಬೀಟ್ಸನ್ ಇದನ್ನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಎಸ್ಟ್ರೋಜೆನ್ ಅನ್ನೋ ಹೆಸರೇ ಆಗ ಇರಲಿಲ್ಲ.

ಬೇರೆ ಡಾಕ್ಟರ್‌ಗಳೂ ಇದನ್ನ ಮಾಡಿ ನೋಡಿದರು. ಹೆಚ್ಚುಕಮ್ಮಿ ಮೂವರಲ್ಲಿ ಒಬ್ಬರಿಗೆ ಮಾತ್ರ ಉಪಯೋಗ ಆಯ್ತು. ಉಳಿದ ಇಬ್ಬರಿಗೆ ಯಾಕಿಲ್ಲ? ಈ ಪ್ರಶ್ನೆಗೆ ಉತ್ತರ ಸಿಗೋಕೆ ಅರ್ಧ ಶತಮಾನಕ್ಕಿಂತ ಜಾಸ್ತಿ ಬೇಕಾಯ್ತು.

1950ರ ದಶಕದ ಕೊನೆ, ಶಿಕಾಗೋ ವಿಶ್ವವಿದ್ಯಾಲಯ. ಎಲ್ವುಡ್ ಜೆನ್ಸನ್ ಎಸ್ಟ್ರೋಜೆನ್‌ಗೆ ವಿಕಿರಣ ಸೂಸುವ ಗುರುತು ಅಂಟಿಸಿ ಇಲಿಗಳಿಗೆ ಕೊಟ್ಟು, ಅದು ಎಲ್ಲಿಗೆ ಹೋಗುತ್ತೆ ಅಂತ ಬೆನ್ನುಹತ್ತಿದರು. ಗರ್ಭಕೋಶ ಅದನ್ನ ಹಿಡಿದಿಟ್ಟುಕೊಂಡಿತು, ಸ್ನಾಯು ಬಿಟ್ಟುಬಿಟ್ಟಿತು. ಅಂದ್ರೆ ಕೆಲವು ಕೋಶಗಳ ಒಳಗೆ ಮಾತ್ರ ಈ ಹಾರ್ಮೋನನ್ನ ಹಿಡಿಯೋ ಪ್ರೋಟೀನ್ ಇದೆ. ಅದೇ ಎಸ್ಟ್ರೋಜೆನ್ ರಿಸೆಪ್ಟರ್. ಗೆಡ್ಡೆಯಲ್ಲಿ ಅದು ಇದ್ದರೆ ಹಾರ್ಮೋನ್ ತಡೆಯೋ ಚಿಕಿತ್ಸೆಗೆ ಬಗ್ಗಬಹುದು, ಇಲ್ಲದಿದ್ದರೆ ಬಗ್ಗೋದು ಅಪರೂಪ.

ಈಗ ವಿಚಿತ್ರ ನೋಡಿ. ರಿಸೆಪ್ಟರ್ ಇದ್ದರೆ ಎಸ್ಟ್ರೋಜೆನ್‌ನಿಂದ ಗೆಡ್ಡೆ ಬೆಳೆಯುತ್ತೆ. ಹಾಗಾದ್ರೆ ರಿಸೆಪ್ಟರ್ ಇಲ್ಲದ ಗೆಡ್ಡೆ ಸಾಧು ಆಗಿರಬೇಕಲ್ವಾ? ಸಾಮಾನ್ಯವಾಗಿ ಉಲ್ಟಾ. ಅದೇ ಹೆಚ್ಚು ಆಕ್ರಮಣಕಾರಿ.

ಯಾಕೆ ಅನ್ನೋದರ ಒಂದು ಎಳೆ ಸಿಕ್ಕಿದ್ದು 2003ರಲ್ಲಿ, ಅಮೆರಿಕದ ಪಾಲ್ ವೇಡ್ ತಂಡಕ್ಕೆ. ನಮ್ಮ ಕೋಶಗಳನ್ನ ಪಕ್ಕದ ಕೋಶಕ್ಕೆ ಅಂಟಿಸಿ ಇಡೋದು ಇ-ಕ್ಯಾಡ್ಹೆರಿನ್ ಅನ್ನೋ ಪ್ರೋಟೀನ್, ಗಾರೆ ಇದ್ದಹಾಗೆ. ಸ್ನೇಲ್ ಅನ್ನೋ ಇನ್ನೊಂದು ಪ್ರೋಟೀನ್ ಆ ಗಾರೆಯ ಉತ್ಪಾದನೆ ನಿಲ್ಲಿಸುತ್ತೆ. ರಿಸೆಪ್ಟರ್ ಕೆಲಸ ಮಾಡ್ತಿದ್ದರೆ ಎಂಟಿಎ3 ಅನ್ನೋ ಪ್ರೋಟೀನ್ ತಯಾರಾಗಿ ಸ್ನೇಲ್‌ನ ಅದುಮಿಡುತ್ತೆ. ರಿಸೆಪ್ಟರ್ ಇಲ್ಲವಾದರೆ ಸ್ನೇಲ್ ತಲೆ ಎತ್ತುತ್ತೆ, ಗಾರೆ ಕಳಚುತ್ತೆ, ಕೋಶ ಪಕ್ಕದವರನ್ನ ಬಿಟ್ಟು ಹೊರಡೋಕೆ ದಾರಿ ಆಗುತ್ತೆ.

ಹಾಗಂತ ರಿಸೆಪ್ಟರ್ ಇದ್ದರೆ ನಿಶ್ಚಿಂತೆ ಅಂತಲ್ಲ. 2002ರಲ್ಲಿ ಹ್ಯೂಸ್ಟನ್‌ನಲ್ಲಿ ರಾಕೇಶ್ ಕುಮಾರ್ ತಂಡ, ರಿಸೆಪ್ಟರನ್ನ ಕೋಶಕೇಂದ್ರದ ಒಳಗೆ ಬಿಡದೆ ಹೊರಗೇ ಹಿಡಿದಿಡೋ ಒಂದು ಪ್ರೋಟೀನ್ ತೋರಿಸಿತ್ತು. ಹೊರಗೆ ಇರೋ ರಿಸೆಪ್ಟರ್ ಬೇರೆ ಕೆಲಸಕ್ಕೆ ಇಳಿಯಬಹುದು. 2008ರಲ್ಲಿ ಇಟಲಿಯ ಪೀಸಾದಲ್ಲಿ ತೊಮ್ಮಾಸೊ ಸಿಮೊನ್ಚಿನಿ ತಂಡ ಲ್ಯಾಬಿನಲ್ಲಿ ಬೆಳೆಸಿದ ಕೋಶಗಳಲ್ಲಿ ಇಂಥದ್ದನ್ನ ಕಂಡಿತು: ಎಸ್ಟ್ರೋಜೆನ್ ಸಿಕ್ಕ ಕೆಲವೇ ನಿಮಿಷಗಳಲ್ಲಿ ಕೋಶದ ಒಳಗಿನ ಹಂದರ ಬದಲಾಗಿ, ಅಂಚು ಚಾಚಿ, ಕೋಶ ಚಲಿಸೋಕೆ ಶುರುಮಾಡುತ್ತೆ.

ನಾನು ಕಾಮರ್ಸ್ ಓದಿದವನು, ಲೆಕ್ಕದ ಭಾಷೆಯಲ್ಲಿ ಹೇಳ್ತೀನಿ: ಒಂದೇ ಖಾತೆ, ಜಮೆನೂ ಇದೆ, ಖರ್ಚೂ ಇದೆ. ರಿಸೆಪ್ಟರ್ ಇದೆಯಾ ಅಂತ ಕೇಳಿದರೆ ಸಾಲದು, ಎಲ್ಲಿ ಕೂತು ಏನು ಮಾಡ್ತಿದೆ ಅಂತಲೂ ಕೇಳಬೇಕು.

ಇದರಿಂದ ನಮಗೇನು ಅಂತೀರಾ? ಬಯಾಪ್ಸಿ ರಿಪೋರ್ಟಲ್ಲಿ 'ಇಆರ್ ಪಾಸಿಟಿವ್' ಅಥವಾ 'ನೆಗೆಟಿವ್' ಅಂತ ಒಂದು ಸಾಲು ಇರುತ್ತಲ್ಲ, ಅದು ಇದೇ ರಿಸೆಪ್ಟರ್ ಬಗ್ಗೆ. ಪಾಸಿಟಿವ್ ಇದ್ದವರಿಗೆ ಕೊಡೋ ಮಾತ್ರೆಗಳಲ್ಲಿ ಟಮಾಕ್ಸಿಫೆನ್ ಒಂದು. 1962ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯಲ್ಲಿ ಡೋರಾ ರಿಚರ್ಡ್‌ಸನ್ ಅದನ್ನ ತಯಾರಿಸಿದಾಗ ಹುಡುಕ್ತಿದ್ದಿದ್ದು ಗರ್ಭನಿರೋಧಕವನ್ನ! ಸಾಮಾನ್ಯವಾಗಿ ಐದು ವರ್ಷ ನುಂಗಬೇಕು. 'ಗೆಡ್ಡೆ ತೆಗೆದಾಯ್ತಲ್ಲ, ಇನ್ಯಾಕೆ ಮಾತ್ರೆ?' ಅಂತ ಮನೆಯಲ್ಲಿ ಅಮ್ಮನೋ ಅತ್ತೆನೋ ಕೇಳಬಹುದು. ಆಪರೇಷನ್‌ಗೆ ಮೊದಲೇ ಗಾರೆ ಕಳಚಿಕೊಂಡು ಹೊರಟ ಕೋಶ ಇದ್ದರೆ ಅದು ಕತ್ತಿಗೆ ಸಿಕ್ಕಿರಲ್ಲ. ಮಾತ್ರೆ ಇರೋದು ಅದಕ್ಕಾಗಿ. ತೊಂದರೆ ಆದರೆ ಡಾಕ್ಟರನ್ನ ಕೇಳದೆ ನಿಲ್ಲಿಸಬೇಡಿ ಅಂತ ಹೇಳಿ.

ಮುಂದಿನ ಎಪಿಸೋಡಲ್ಲಿ ಸಿಗೋಣ.